ಚಿತ್ರದ ಪಕ್ಕದ ಮಾತು

ಚಿತ್ರವನ್ನು ನೋಡಿದರೆ ಸಾಕು, ಅದರ ವಿಷಯವಾಗಿ ಓದಬೇಕಾದುದೇನೂ ಇಲ್ಲ ಎನ್ನುವ ರಸಿಕರು ನಮ್ಮಲ್ಲಿ ಬಹಳ ಮಂದಿ. ಅವರ ಪಾಲಿಗೆ ಪ್ರದರ್ಶನದ ಕ್ಯಾಟಲಾಗು ಹೆಸರು, ಅಳತೆ, ಬೆಲೆಗಳ ಒಂದು ಪಟ್ಟಿ ಮಾತ್ರ. ಸಾಹಿತ್ಯದ ಅಧ್ಯಾಪಕನಾದ ನಾನು ಇದನ್ನು ಒಪ್ಪಲಾರೆ. ಪ್ರದರ್ಶನ ಕೆಲವು ವಾರಗಳಲ್ಲಿ ಮುಗಿಯುತ್ತದೆ. ಚಿತ್ರಗಳು ಕೊಂಡವರ ಮನೆಗೋ ಸಂಗ್ರಹಾಲಯದ ಉಗ್ರಾಣಕ್ಕೋ ಸೇರುತ್ತವೆ. ದೂರದ ಸಹೃದಯನಿಗೆ ಕೊನೆಗೂ ದಕ್ಕುವುದು ಆ ಪುಸ್ತಕವೊಂದೇ.

ಜರೀನಾ ಹಾಶ್ಮಿಯವರ ಕೃತಿಗಳನ್ನು ನಿದರ್ಶನವಾಗಿ ತೆಗೆದುಕೊಳ್ಳೋಣ. 1937ರಲ್ಲಿ ಅಲೀಗಢದಲ್ಲಿ ಹುಟ್ಟಿ, ಅಲ್ಲಿಯೇ ಗಣಿತವನ್ನು ಓದಿ, ಪ್ಯಾರಿಸ್ಸಿನಲ್ಲಿ ಹೇಟರ್ ಅವರ ಬಳಿ ಅಚ್ಚಿನ ಕಲೆಯನ್ನು ಕಲಿತು, ದಶಕಗಳ ಕಾಲ ನ್ಯೂಯಾರ್ಕಿನಲ್ಲಿ ಬಾಳಿ, 2020ರಲ್ಲಿ ಲಂಡನ್ನಿನಲ್ಲಿ ತೀರಿಕೊಂಡವರು ಅವರು. ದೇಶವಿಭಜನೆಯಾಗಿ ಕೆಲವು ವರ್ಷಗಳ ಮೇಲೆ ಅವರ ತಂದೆತಾಯಿಗಳು ಪಾಕಿಸ್ತಾನಕ್ಕೆ ಹೋದರು. ಹೀಗೆ ತವರನ್ನು ಕಳೆದುಕೊಂಡ ಜೀವವೊಂದು 1999ರಲ್ಲಿ 36 ಮರದಚ್ಚುಗಳ ಮಾಲೆಯೊಂದನ್ನು ರಚಿಸಿತು. ಮನೆಯೇ ಪರದೇಶ ಎಂಬುದು ಅದರ ಹೆಸರಿನ ಅರ್ಥ. ಮನೆ, ಹೊಸ್ತಿಲು, ಅಂಗಳ, ಗಡಿ, ಭಾಷೆ, ಹೀಗೆ ಒಂದೊಂದು ಅಚ್ಚಿಗೂ ಒಂದೊಂದು ಉರ್ದು ಪದ. ಇಲ್ಲಿ ಪದವೇ ಮೊದಲು ಹುಟ್ಟಿದ್ದು. ಕಪ್ಪು ಗೆರೆಗಳ ಆಕೃತಿ ಅದನ್ನು ಹಿಂಬಾಲಿಸಿ ಬಂದಿತು.

ಇಂಥ ಕೃತಿಯ ಮುಂದೆ ‘ಸುಮ್ಮನೆ ನೋಡಿ’ ಎಂದರೆ ಅದು ಅರ್ಧ ನೋಟವೇ ಸರಿ. ಲಿಪಿಯನ್ನರಿಯದವನಿಗೆ ಆ ಬರಹವೂ ಒಂದು ಅಲಂಕಾರದ ಗೆರೆಯಾಗಿಬಿಡುತ್ತದೆ. 2012ರಲ್ಲಿ ಲಾಸ್ ಏಂಜಲೀಸಿನ ಹ್ಯಾಮರ್ ಸಂಗ್ರಹಾಲಯ ಅವರ ಕೃತಿಗಳ ದೊಡ್ಡ ಪ್ರದರ್ಶನವನ್ನೇರ್ಪಡಿಸಿ, ಅದರೊಡನೆ ಗ್ರಂಥವೊಂದನ್ನೂ ಹೊರತಂದಿತು. ‘ಚರ್ಮದಂಥ ಕಾಗದ’ ಎಂಬರ್ಥದ ಅದರ ಶೀರ್ಷಿಕೆಯೇ ಕ್ಯಾಟಲಾಗಿನ ಕಷ್ಟವನ್ನು ಹೇಳುತ್ತದೆ. ನುಣುಪು ಹಾಳೆಯ ಮೇಲಿನ ಛಾಯಾಚಿತ್ರದಲ್ಲಿ ಕೈಕಾಗದದ ಒರಟುತನ ಕಾಣದು. ಮಸಿಯ ಆಳ ತಿಳಿಯದು. ಮರದಲ್ಲಿ ಕೆತ್ತಿ ತೆಗೆದ ಭಾಗ ಬಿಳಿಯಾಗಿ ಉಳಿಯುತ್ತದೆ, ಕೆತ್ತದೆ ಬಿಟ್ಟ ಭಾಗವೇ ಮಸಿಯನ್ನು ಹೊತ್ತು ಕಾಗದಕ್ಕಿಳಿಯುತ್ತದೆ, ಅದೂ ಎಡಬಲ ತಿರುವುಮುರುವಾಗಿ. ಕಾಣದ ಇವನ್ನೆಲ್ಲ ಕಾಣಿಸಬೇಕಾದುದು ಪಕ್ಕದ ಮಾತು.

ಆ ಮಾತು ಯಾವ ಭಾಷೆಯದಾಗಿರಬೇಕು? ನಮ್ಮ ನಾಡಿನ ಪ್ರದರ್ಶನಗಳಲ್ಲಿ ನಾನು ಕಂಡ ಕ್ಯಾಟಲಾಗುಗಳಲ್ಲಿ ಹೆಚ್ಚಿನವು ಇಂಗ್ಲಿಷಿನವು. ಕೊಳ್ಳುವವರು ಪರಭಾಷೆಯವರು, ಏನು ಮಾಡುವುದು ಎಂಬ ಸಮಾಧಾನ ಕೇಳಿಬರುತ್ತದೆ. ಕೊಳ್ಳುವವರ ಮಾತು ನಿಜವಿರಬಹುದು. ಆದರೆ ನೋಡುವವರು ಯಾರು? ಬಾಗಿಲಿನವರೆಗೆ ಬಂದ ಕನ್ನಡಿಗನನ್ನು ಹೊಸ್ತಿಲಾಚೆಯೇ ನಿಲ್ಲಿಸಿದಂತಾಗಲಿಲ್ಲವೆ? ಕನ್ನಡದಲ್ಲಿ ಪದಗಳಿಲ್ಲವೆಂಬ ವಾದವೂ ದುರ್ಬಲವಾದುದು. ಮರದಚ್ಚು, ಪಡಿಯಚ್ಚು, ಮಸಿ, ಉಳಿ, ಇವನ್ನು ಯಾವ ನಿಘಂಟಿನಿಂದಲೂ ಎರವಲು ತರಬೇಕಾಗಿಲ್ಲ.

ಜರೀನಾರ ಮಾಲೆಯ ವಿಷಯದಲ್ಲಂತೂ ಇಂಗ್ಲಿಷಿನ ಮಧ್ಯಸ್ತಿಕೆಯೇ ಬೇಡ. ಅವರ ‘ಆಂಗನ್’ ನಮ್ಮ ‘ಅಂಗಳ’ಕ್ಕೆ ಒಡಹುಟ್ಟು, ಎರಡಕ್ಕೂ ತಾಯಿ ಸಂಸ್ಕೃತದ ‘ಅಂಗಣ’. ಕಲಬುರಗಿಯಲ್ಲಿ, ವಿಜಯಪುರದಲ್ಲಿ ಉರ್ದುವನ್ನು ಮನೆಮಾತಾಗಿ ಉಳ್ಳವರು ಕನ್ನಡಿಗರ ನೆರೆಯಲ್ಲೇ ಇದ್ದಾರೆ. ಅವರೊಡನೆ ಕುಳಿತು ಆ 36 ಪದಗಳನ್ನು ಕನ್ನಡಕ್ಕೆ ತಂದರೆ ಅದು ಚಿತ್ರಕಲೆಯ ಸೇವೆಯೂ ಹೌದು, ಸಾಹಿತ್ಯದ ಸೇವೆಯೂ ಹೌದು. ನಮ್ಮ ಕಲಾಶಾಲೆಗಳೂ ಕನ್ನಡ ವಿಭಾಗಗಳೂ ಕೂಡಿ ಇಂಥದೊಂದು ಪುಸ್ತಕವನ್ನು ಮೊದಲು ಹೊರತರಲಿ. ಓದುಗರು ಇದ್ದಾರೆಯೇ ಎಂಬ ಪ್ರಶ್ನೆಯನ್ನು ಆಮೇಲೆ ಕೇಳೋಣ.