ಹಿತ್ತಿಲ ಈಜುಕೊಳಕ್ಕೆ ಯಾವ ತಿಂಗಳ ನೀರು?

ಮಲೆನಾಡಿನ ಮನೆಗಳ ಹಿತ್ತಿಲಿಗೆ ಹೊಸ ವಸ್ತುವೊಂದು ಬಂದಿದೆ. ನೆಲ ಅಗೆಯದೆ, ಕಬ್ಬಿಣದ ಕೊಳವೆಗಳ ಚೌಕಟ್ಟಿಗೆ ದಪ್ಪ ಪ್ಲಾಸ್ಟಿಕ್ ಹಾಳೆಯ ತೊಟ್ಟಿಯನ್ನು ಸಿಕ್ಕಿಸಿ ನಿಲ್ಲಿಸುವ ಈಜುಕೊಳ ಅದು. ಪೆಟ್ಟಿಗೆಯಲ್ಲಿ ಬರುತ್ತದೆ, ಇಬ್ಬರು ಸೇರಿದರೆ ಅರ್ಧ ದಿನದಲ್ಲಿ ಎದ್ದು ನಿಲ್ಲುತ್ತದೆ. ಹೋಂಸ್ಟೇ ನಡೆಸುವವರು ಅತಿಥಿಗಳಿಗೆಂದು ತರಿಸುತ್ತಾರೆ. ಉಳಿದವರು ಬೇಸಿಗೆಯ ರಜೆಗೆ ಬರುವ ಮೊಮ್ಮಕ್ಕಳಿಗೆಂದು. ನಮ್ಮ ಬಳಗದ ಕೆಲವರು ಇದನ್ನು ಖಂಡಿಸಿ ಬರೆಯಬೇಕೆಂದು ಒತ್ತಾಯಿಸಿದ್ದಾರೆ. ಇನ್ನು ಕೆಲವರು, ಅವರೂ ಬಳಗದವರೇ, ಕೊಳ್ಳುವ ಮುನ್ನ ಏನೇನು ನೋಡಬೇಕೆಂದು ಕೇಳಿದ್ದಾರೆ.

ಖಂಡಿಸುವ ಮನಸ್ಸು ನಮಗಿಲ್ಲ. ಹಳ್ಳದ ಗುಂಡಿಗಳಲ್ಲಿ ಈಜು ಕಲಿತ ತಲೆಮಾರು ನಮ್ಮದು. ಫೆಬ್ರುವರಿ ಮುಗಿಯುವಷ್ಟರಲ್ಲಿ ಎಷ್ಟೋ ಹಳ್ಳಗಳು ಸೊರಗುವ ಈ ಕಾಲದಲ್ಲಿ ಮಕ್ಕಳು ತೊಟ್ಟಿಯಲ್ಲಾದರೂ ನೀರಿನ ಭಯ ಕಳೆದುಕೊಂಡರೆ ಅದು ದೂರುವ ಸಂಗತಿಯಲ್ಲ. ಗುಡ್ಡದ ಮಗ್ಗುಲನ್ನು ಅಗೆದು, ಕಾಂಕ್ರೀಟು ಸುರಿದು ಕಟ್ಟುವ ಶಾಶ್ವತ ಕೊಳಕ್ಕಿಂತ, ಬೇಡವೆಂದಾಗ ಮಡಚಿ ಅಟ್ಟಕ್ಕೇರಿಸಬಹುದಾದ ಇದು ಮೇಲು. ನಮ್ಮ ಆಕ್ಷೇಪವಿರುವುದು ಕೊಳದ ಬಗ್ಗೆ ಅಲ್ಲ, ಅದನ್ನು ತುಂಬಿಸುವ ತಿಂಗಳಿನ ಬಗ್ಗೆ.

ಲೆಕ್ಕ ಹಾಕಿ ನೋಡೋಣ. ಹದಿನೈದು ಅಡಿ ಅಡ್ಡಗಲ, ನಾಲ್ಕು ಅಡಿ ಎತ್ತರದ ದುಂಡು ತೊಟ್ಟಿಯಲ್ಲಿ ಮೂರೂವರೆ ಅಡಿಯಷ್ಟು ನೀರು ನಿಂತರೆ ಅದು ಸುಮಾರು 16,500 ಲೀಟರ್. ಜಲಜೀವನ ಮಿಷನ್ ಯೋಜನೆಯಲ್ಲಿ ಗ್ರಾಮೀಣ ವ್ಯಕ್ತಿಗೆ ದಿನಕ್ಕೆ ನಿಗದಿಪಡಿಸಿದ ಪ್ರಮಾಣ 55 ಲೀಟರ್. ಅಂದರೆ ಇದು ಐವರ ಕುಟುಂಬಕ್ಕೆ ಎರಡು ತಿಂಗಳ ನೀರು. ಮಾರ್ಚ್ ಕೊನೆಯ ಹೊತ್ತಿಗೆ ನಿಮಿಷಕ್ಕೆ ಒಂದು ಲೀಟರಿನಷ್ಟು ಮಾತ್ರ ಬೀಳುವ ಅಬ್ಬಿಯೊಂದರಿಂದ ಇದನ್ನು ತುಂಬಿಸಲು ಹನ್ನೊಂದೂವರೆ ದಿನ ಬೇಕು. ಆ ಹನ್ನೊಂದೂವರೆ ದಿನ ಅದೇ ಅಬ್ಬಿಯ ಕೆಳಗಿನ ಮನೆಯವರು ಏನು ಮಾಡಬೇಕು? ಅಬ್ಬಿಯ ನೀರಿಗೆ ಮೀಟರಿಲ್ಲ, ಬಿಲ್ಲಿಲ್ಲ. ಪೈಪಿನ ಮೇಲ್ತುದಿ ಯಾರ ಕೈಯಲ್ಲಿದೆಯೋ ಅವರದೇ ತೀರ್ಮಾನ. 2024ರ ಮಾರ್ಚ್‌ನಲ್ಲಿ ಬೆಂಗಳೂರಿನ ಜಲಮಂಡಳಿ ಕುಡಿಯುವ ನೀರನ್ನು ಈಜುಕೊಳಕ್ಕೆ ಬಳಸುವುದನ್ನು ನಿಷೇಧಿಸಿ, ತಪ್ಪಿದರೆ ಐದು ಸಾವಿರ ರೂಪಾಯಿ ದಂಡವೆಂದು ಸಾರಿತು. ನಮ್ಮ ಗುಡ್ಡಗಳಲ್ಲಿ ದಂಡ ಹಾಕುವವರಿಲ್ಲ. ಅದಕ್ಕೇ ಮಾತಾಡಿಕೊಳ್ಳಬೇಕಾಗಿದೆ.

ಅದೇ ಅಬ್ಬಿ ಅಕ್ಟೋಬರಿನಲ್ಲಿ ನಿಮಿಷಕ್ಕೆ ಹತ್ತು ಲೀಟರ್ ಸುರಿಯುತ್ತಿದ್ದರೆ ತೊಟ್ಟಿ ತುಂಬಲು ಒಂದು ಹಗಲು, ಒಂದು ರಾತ್ರಿ, ಮತ್ತೆ ಮೂರು-ನಾಲ್ಕು ತಾಸು ಸಾಕು. ಯಾರ ಕೊಡವೂ ಬರಿದಾಗದು. ಮಾಡಿನ ನೀರಾದರೆ ಇನ್ನೂ ಒಳ್ಳೆಯದು. ನೂರು ಚದರ ಮೀಟರ್ ಮಾಡಿನ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ನೂರು ಲೀಟರ್. ಐದರಲ್ಲೊಂದು ಪಾಲು ಸೋರಿಹೋಯಿತೆಂದರೂ 200 ಮಿ.ಮೀ. ಮಳೆಗೆ ತೊಟ್ಟಿ ಬಹುಪಾಲು ತುಂಬುತ್ತದೆ. ವರ್ಷಕ್ಕೆ 7,000 ಮಿ.ಮೀ. ದಾಟುವ ಆಗುಂಬೆಯ ಸುತ್ತಿನವರಿಗೆ ಇದನ್ನು ವಿವರಿಸುವ ಅಗತ್ಯವಿಲ್ಲ. ಮೂರು ತಿಂಗಳ ಮಳೆಯಲ್ಲಿ ತೊಳೆದುಹೋದ ಹಂಚಿನ ಮೇಲಿಂದ ಸೆಪ್ಟೆಂಬರಿನಲ್ಲಿ ಇಳಿಯುವ ನೀರು ಸಾಕಷ್ಟು ಶುದ್ಧವೂ ಆಗಿರುತ್ತದೆ. ದಂಬೆಯ ಬಾಯಿಗೊಂದು ಬಲೆ ಕಟ್ಟಿದರಾಯಿತು. ಆದುದರಿಂದ ನಮ್ಮ ಸಲಹೆ ಇಷ್ಟು: ಸೆಪ್ಟೆಂಬರಿನಲ್ಲಿ ಮಳೆ ಬಿಡುವು ಕೊಟ್ಟ ನಾಲ್ಕು ದಿನ ನೋಡಿ ತೊಟ್ಟಿ ನಿಲ್ಲಿಸಿ, ಅಕ್ಟೋಬರ್ ಮುಗಿಯುವುದರೊಳಗೆ ತುಂಬಿಸಿ, ಆ ನೀರನ್ನೇ ಮೇ ತಿಂಗಳವರೆಗೆ ಕಾಪಾಡಿಕೊಳ್ಳಿ.

ಮೊದಲು ಜಾಗ. ಒಂದು ಮೀಟರ್ ಆಳದ ನೀರು ಪ್ರತಿ ಚದರ ಮೀಟರ್ ನೆಲದ ಮೇಲೆ ಒಂದು ಟನ್ ಭಾರ ಹೇರುತ್ತದೆ. ಇಡೀ ತೊಟ್ಟಿಯ ತೂಕ ಹದಿನಾರೂವರೆ ಟನ್. ಸರಕು ತುಂಬಿದ ಲಾರಿಯೊಂದು ಎಂಟು ತಿಂಗಳು ಹಿತ್ತಿಲಲ್ಲಿ ನಿಂತಂತೆ. ಸಮತಟ್ಟು ಮಾಡಲು ಹಿಂದಿನ ಧರೆಯನ್ನು ಕಡಿದು ಆ ಮಣ್ಣನ್ನು ಮುಂದಕ್ಕೆ ದೂಡುವುದು ನಮ್ಮಲ್ಲಿ ಜೆಸಿಬಿ ಬಂದ ಮೇಲೆ ಬೆಳೆದ ಅಭ್ಯಾಸ. ಇದರಿಂದ ಎರಡು ಕೇಡು: ಕಡಿದ ಧರೆ ಮುಂದಿನ ಮಳೆಗಾಲದಲ್ಲಿ ಜರಿಯುತ್ತದೆ, ದೂಡಿದ ಸಡಿಲ ಮಣ್ಣು ಭಾರಕ್ಕೆ ಕುಸಿಯುತ್ತದೆ. 2018ರ ಆಗಸ್ಟಿನಲ್ಲಿ ಕೊಡಗಿನ ಗುಡ್ಡಗಳು ಜಾರಿದ ಮೇಲೆ, ಮನೆ, ರಸ್ತೆ, ಹೋಂಸ್ಟೇಗಳಿಗಾಗಿ ಇಳಿಜಾರು ಕಡಿದ ವಿಚಾರ ಎಷ್ಟು ಚರ್ಚೆಯಾಯಿತೆಂಬುದು ನೆನಪಿರಬೇಕು. ತೊಟ್ಟಿಗಾಗಿ ಧರೆ ಕಡಿಯಲೇಬೇಕಾದರೆ ಆ ಮನೆಗೆ ತೊಟ್ಟಿ ಬೇಡ. ತಲೆಮಾರುಗಳಿಂದ ಅಡಿಕೆ ಒಣಗಿಸುತ್ತ ಬಂದ, ಗಟ್ಟಿಯಾಗಿ ಕೂತ ಅಂಗಳದ ಒಂದು ಮೂಲೆ ಇದ್ದರೆ ಅದಕ್ಕಿಂತ ಒಳ್ಳೆಯ ಜಾಗವಿಲ್ಲ. ಧರೆಯ ಅಂಚು, ಬಾವಿಯ ಪಕ್ಕ, ಇಂಗುಗುಂಡಿಯ ಮೇಲೆ ಕೂಡದು.

ಮಟ್ಟ ನೋಡಲು ಗಾರೆಯವರು ಬಳಸುವ, ನೀರು ತುಂಬಿದ ಪಾರದರ್ಶಕ ಪೈಪು ಸಾಕು. ಒಂದು ತುದಿಗಿಂತ ಇನ್ನೊಂದು ತುದಿ ಒಂದು ಅಂಗುಲಕ್ಕಿಂತ ಹೆಚ್ಚು ತಗ್ಗಿರಬಾರದು. ಉಬ್ಬಿದ ಕಡೆ ಕೆರೆಯಬೇಕೇ ಹೊರತು ತಗ್ಗಿಗೆ ಮಣ್ಣು ತುಂಬಬಾರದು. ಚೌಕಟ್ಟಿನ ಪ್ರತಿ ಕಾಲಿನ ಅಡಿಗೂ ಚಪ್ಪಟೆ ಕಲ್ಲೊಂದನ್ನು ನೆಲದ ಮಟ್ಟಕ್ಕೆ ಹುಗಿಯಬೇಕು. ಜೇಕಿನ ಗಡ್ಡೆಗಳನ್ನು ಬೇರುಸಹಿತ ಆರಿಸಿ ತೆಗೆಯದಿದ್ದರೆ ಅದರ ಸೂಜಿಮೊನೆಯಂಥ ಮೊಳಕೆ ಹಾಳೆಯನ್ನು ಚುಚ್ಚಿ ಮೇಲೆ ಬರುತ್ತದೆ. ಪ್ಲಾಸ್ಟಿಕ್ ಹೊದಿಕೆಯಲ್ಲಿ ತರಕಾರಿ ಬೆಳೆದವರಿಗೆ ಇದು ಗೊತ್ತು. ಜರಡಿ ಹಿಡಿದ ಮಣ್ಣಿನ ತೆಳುಪದರ, ಅದರ ಮೇಲೆ ಹಳೆಯ ತಾಡಪಾಲು, ಆಮೇಲೆ ತೊಟ್ಟಿ.

ಇನ್ನು ನೀರನ್ನು ಕಾಪಾಡುವ ಬಗೆ. ಇಲ್ಲಿ ನಮ್ಮ ಮೊದಲ ಶತ್ರು ಪಾಚಿಯಲ್ಲ, ಬಿಸಿಲು. ದಿನಕ್ಕೆ 4 ಮಿ.ಮೀ. ಆವಿಯಾಗುವುದೆಂದು ಹಿಡಿದರೂ ಈ ತೊಟ್ಟಿಯ ಹದಿನಾರು ಚದರ ಮೀಟರ್ ಮೇಲ್ಮೈಯಿಂದ ದಿನವೂ 64 ಲೀಟರ್ ಹೋಗುತ್ತದೆ. ಡಿಸೆಂಬರಿನಿಂದ ಮೇ ಕೊನೆಯವರೆಗೆ ಲೆಕ್ಕ ಹಾಕಿದರೆ ಹನ್ನೊಂದು ಸಾವಿರ ಲೀಟರಿಗೂ ಹೆಚ್ಚು, ತುಂಬಿಸಿದ್ದರ ಮೂರನೇ ಎರಡು ಪಾಲು! ಮುಚ್ಚದ ಕೊಳವು ಅಕ್ಟೋಬರಿನಲ್ಲಿ ತುಂಬಿಸಿಯೂ ಏಪ್ರಿಲ್ಲಿನ ಅಬ್ಬಿಯನ್ನೇ ಕುಡಿಯುತ್ತದೆ. ನೀರಿನ ಮೇಲೆಯೇ ತೇಲುವಂಥ ಹಾಳೆಯೊಂದನ್ನು ಬಳಸದ ಹೊತ್ತಿನಲ್ಲೆಲ್ಲ ಹೊದಿಸಿದರೆ ಈ ನಷ್ಟದ ಬಹುಭಾಗ ತಪ್ಪುತ್ತದೆ. ಮೇಲೊಂದು ಸೋಗೆಯ ಚಪ್ಪರವಿದ್ದರೆ ನೀರೂ ತಂಪು, ಹಾಳೆಯೂ ಹೆಚ್ಚು ವರ್ಷ ಬಾಳುತ್ತದೆ; ಉದುರುವ ಕಸವನ್ನು ತಡೆಯಲು ಚಪ್ಪರದ ಅಡಿಗೆ ನೆರಳುಬಲೆ ಕಟ್ಟಿಕೊಳ್ಳಬೇಕು.

ಮಳೆನೀರಿನಲ್ಲಿ ಲವಣಾಂಶ ತೀರ ಕಡಿಮೆ. ಅದರ ಹುಳಿ-ಕ್ಷಾರಗಳ ತೂಕ ಸ್ವಲ್ಪಕ್ಕೇ ಏರುಪೇರಾಗುತ್ತದೆ. ತುಂಬಿಸಿದ ಮೇಲೆ ಎರಡು ಕಿಲೋದಷ್ಟು ಅಡಿಗೆ ಸೋಡಾ ಕರಗಿಸಿ ಬೆರೆಸಿದರೆ ನೀರು ಸ್ಥಿರವಾಗುತ್ತದೆ. ರಸಸಾರ, ಅಂದರೆ ಪಿಎಚ್, 7.2ರಿಂದ 7.8ರ ನಡುವೆ, ಕ್ಲೋರಿನ್ ಲೀಟರಿಗೆ 1ರಿಂದ 3 ಮಿಲಿಗ್ರಾಂ. ಶೇಕಡಾ 33ರಷ್ಟು ಕ್ಲೋರಿನ್ನಿರುವ ಬ್ಲೀಚಿಂಗ್ ಪುಡಿ 50 ಗ್ರಾಂ ಹಾಕಿದರೆ ಈ ತೊಟ್ಟಿಗೆ ಲೀಟರಿಗೆ ಒಂದು ಮಿಲಿಗ್ರಾಂ ಸಿಗುತ್ತದೆ. ಪುಡಿಯನ್ನು ನೇರವಾಗಿ ಎಸೆಯದೆ, ಬಕೆಟ್ಟಿನ ನೀರಿಗೆ ಹಾಕಿ ಕದಡಿ, ಸುಣ್ಣ ತಳಕ್ಕಿಳಿದ ಮೇಲೆ ತಿಳಿಯನ್ನಷ್ಟೇ ಸುರಿಯಬೇಕು. ಅದೂ ಸಂಜೆ, ಬಿಸಿಲಿಗೆ ಕ್ಲೋರಿನ್ ಹಾರಿಹೋಗುವುದರಿಂದ. ಅಂಗಡಿಯವರು ಕೊಡುವ, ನಿಧಾನ ಕರಗುವ ಬಿಲ್ಲೆಗಳು ಸುಲಭವೇನೋ ಹೌದು. ಆದರೆ ಅವುಗಳಲ್ಲಿ ಹೆಚ್ಚಿನವು ಪ್ರತಿ ಬಾರಿಯೂ ಸಯನ್ಯೂರಿಕ್ ಆಮ್ಲವನ್ನು ನೀರಿನಲ್ಲಿ ಉಳಿಸುತ್ತವೆ. ಅದು ಹೆಚ್ಚಾದಂತೆ ಕ್ಲೋರಿನ್ನಿನ ಬಲ ಕುಗ್ಗುತ್ತದೆ, ನೀರನ್ನು ಚೆಲ್ಲಿ ಹೊಸದು ತುಂಬುವುದೊಂದೇ ಪರಿಹಾರವಾಗುತ್ತದೆ. ಒಂದೇ ನೀರನ್ನು ಎಂಟು ತಿಂಗಳು ಇಟ್ಟುಕೊಳ್ಳಬೇಕಾದವರಿಗೆ ಅದು ತಕ್ಕುದಲ್ಲ. ಆ ಬಿಲ್ಲೆಯನ್ನೂ ಬ್ಲೀಚಿಂಗ್ ಪುಡಿಯನ್ನೂ ಒಂದೇ ಪಾತ್ರೆಯಲ್ಲಿ ಎಂದೂ ಸೇರಿಸಬಾರದು. ಬೆಂಕಿ ಹತ್ತಿ ಸಿಡಿಯುವ ಅಪಾಯವಿದೆ. ಈಜುವವರು ಮೊದಲು ಬಚ್ಚಲಲ್ಲಿ ಮಿಂದು ಬರಬೇಕು. ತಲೆಯ ಕೊಬ್ಬರಿ ಎಣ್ಣೆಯಷ್ಟು ನೀರು ಕೆಡಿಸುವುದು ಇನ್ನೊಂದಿಲ್ಲ.

ಕ್ಲೋರಿನ್ನೇ ಬೇಡ, ಎಲ್ಲ ನೈಸರ್ಗಿಕವಾಗಿರಲಿ ಎನ್ನುವ ಮಿತ್ರರೂ ನಮ್ಮಲ್ಲಿದ್ದಾರೆ. ಹರಿಯುವ ಹಳ್ಳಕ್ಕೆ ಸಲ್ಲುವ ಮಾತು ನಿಂತ ತೊಟ್ಟಿಗೆ ಸಲ್ಲದು. ಬೆಚ್ಚಗಿನ ಸಿಹಿನೀರಿನಲ್ಲಿ ಬೆಳೆದು ಮೂಗಿನ ಮೂಲಕ ಮಿದುಳಿಗೇರುವ ಅಮೀಬಾದಿಂದ ಕೇರಳದಲ್ಲಿ 2024 ಮತ್ತು 2025ರಲ್ಲಿ ಸಾವುಗಳಾದವು. ಕರ್ನಾಟಕ 2024ರ ಸೆಪ್ಟೆಂಬರಿನಲ್ಲಿ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಅಧಿಸೂಚಿಸಿತು. ಕ್ಲೋರಿನ್ ಇಲ್ಲದೆ, ಮುಚ್ಚದೆ ಹತ್ತು ದಿನ ಬಿಟ್ಟ ತೊಟ್ಟಿ ಸೊಳ್ಳೆಯ ತವರು.

ಒಂದು ಮಾತನ್ನು ಅಡಿಕೆ ಬೆಳೆಗಾರರಿಗೆ ಬಿಡಿಸಿ ಹೇಳಬೇಕಾಗಿದೆ. ಕೊಳೆರೋಗಕ್ಕೆ ಬೋರ್ಡೋ ಸಿಂಪಡಿಸಲು ತಂದ ಮೈಲುತುತ್ತ ಎಲ್ಲರ ಮನೆಯಲ್ಲೂ ಇರುತ್ತದೆ. ಪಾಚಿ ಕಂಡೊಡನೆ ಒಂದು ಹಿಡಿ ಎಸೆದರೆ ನೀರು ತಿಳಿಯಾಗುವುದೂ ನಿಜ. ಆದರೆ ತಾಮ್ರ ಕ್ಲೋರಿನ್ನಿನಂತೆ ಹಾರಿಹೋಗುವ ವಸ್ತುವಲ್ಲ. ಬೋರ್ಡೋದಲ್ಲಿ ಸುಣ್ಣ ಅದನ್ನು ಕಟ್ಟಿಹಾಕಿರುತ್ತದೆ. ಸುಣ್ಣಾಂಶ ಕಡಿಮೆಯಿರುವ ಮಲೆನಾಡಿನ ಮೆದು ನೀರಿನಲ್ಲಿ ಬರಿಯ ಮೈಲುತುತ್ತದ ವಿಷ ಇನ್ನಷ್ಟು ತೀಕ್ಷ್ಣ. ಗಡಸು ನೀರಿನಲ್ಲಿ ಮೀನು ತಾಳಿಕೊಳ್ಳುವಷ್ಟು ತಾಮ್ರ ನಮ್ಮ ಹಳ್ಳದಲ್ಲಿ ಅದನ್ನು ಕೊಲ್ಲಬಲ್ಲದು. ತೊಟ್ಟಿಗೆ ಹಾಕಿದ್ದು ಒಂದು ದಿನ ಹಳ್ಳಕ್ಕಿಳಿಯದೆ ಇರದು.

ಉಪ್ಪಿನಿಂದ ಕ್ಲೋರಿನ್ ತಯಾರಿಸುವ ಯಂತ್ರಗಳನ್ನೂ ಮಾರುತ್ತಾರೆ. ಅವಕ್ಕೆ ಲೀಟರಿಗೆ ಮೂರು ಗ್ರಾಮಿನಷ್ಟು ಉಪ್ಪು ಬೇಕು. ಲೀಟರಿಗೆ ಎರಡು ಗ್ರಾಂ ದಾಟಿದ ಉಪ್ಪುನೀರು ನೀರಾವರಿಗೆ ತಕ್ಕುದಲ್ಲವೆಂಬುದು ಕೃಷಿ ವಿಜ್ಞಾನದ ಸಾಮಾನ್ಯ ಪಾಠ. ಹಾಗಾದರೆ ಮೇ ತಿಂಗಳಲ್ಲಿ ಆ ನೀರನ್ನು ಎಲ್ಲಿಗೆ ಬಿಡುತ್ತೀರಿ?

ಈ ಪ್ರಶ್ನೆಗೆ ಸರಿಯಾದ ಉತ್ತರ ತೋಟ, ಹಳ್ಳವಲ್ಲ. ಲೀಟರಿಗೆ ಒಂದು ಮಿಲಿಗ್ರಾಮಿನ ಹತ್ತರಲ್ಲೊಂದು ಪಾಲು ಕ್ಲೋರಿನ್ ಕೂಡ ಮೀನಿಗೆ, ಗೊದಮೊಟ್ಟೆಗೆ ಹಾನಿಕರ. ಮೇ ಮಧ್ಯದಲ್ಲಿ ಕ್ಲೋರಿನ್ ನಿಲ್ಲಿಸಿ, ಹೊದಿಕೆ ತೆಗೆದು ಒಂದು ವಾರ ಬಿಸಿಲಿಗೆ ಬಿಟ್ಟು, ಪರೀಕ್ಷೆಯ ಹನಿಗೆ ಬಣ್ಣ ಬರುತ್ತಿಲ್ಲವೆಂದು ಖಚಿತಪಡಿಸಿಕೊಂಡು, ಸಣ್ಣ ಪೈಪಿನಲ್ಲಿ ಅಡಿಕೆಯ ಬುಡಗಳಿಗೆ ಹಾಯಿಸಬೇಕು. ಮುಂಗಾರಿಗೆ ಮುನ್ನ ತೋಟ ಬಾಯ್ದೆರೆದಿರುವ ದಿನಗಳವು. ಬುಡಕ್ಕೆ ದಿನಕ್ಕೆ 20 ಲೀಟರಿನ ಹನಿ ನೀರಾವರಿ ಲೆಕ್ಕದಲ್ಲಿ, ಹದಿನೈದು ಸಾವಿರ ಲೀಟರ್ ಉಳಿದಿದ್ದರೂ ನೂರು ಮರಗಳಿಗೆ ಒಂದು ವಾರವಾಗುತ್ತದೆ. ಫೆಬ್ರುವರಿ, ಮಾರ್ಚ್‌ಗಳಲ್ಲಿ ಬ್ಯಾಣಕ್ಕೆ ಬೆಂಕಿ ಬಿದ್ದಾಗ ಸಿಂಪರಣೆಯ ಪಂಪಿಗೆ ಕೈಗೆಟುಕುವ ನೀರೂ ಇದೇ.

ಅಪಾಯದ ಮಾತು ಚಿಕ್ಕದು, ಆದರೆ ಬಿಡುವಂತಿಲ್ಲ. 2024ರ ನವೆಂಬರಿನಲ್ಲಿ ಮಂಗಳೂರಿನ ಹತ್ತಿರದ ರೆಸಾರ್ಟೊಂದರ ಈಜುಕೊಳದಲ್ಲಿ ಮೈಸೂರಿನ ಮೂವರು ಯುವತಿಯರು ಮುಳುಗಿ ತೀರಿಕೊಂಡರು. ಮೂರೂವರೆ ಅಡಿ ನೀರು ದೊಡ್ಡವರಿಗೆ ಸೊಂಟದ ಮಟ್ಟ, ನಾಲ್ಕು ವರ್ಷದ ಮಗುವಿಗೆ ತಲೆಗೂ ಮೇಲೆ. ಬಳಕೆ ಮುಗಿದೊಡನೆ ಏಣಿಯನ್ನು ತೆಗೆದು ಒಳಗಿಡಬೇಕು. ಸುತ್ತ ಬೇಲಿ ಬೇಕು. ಶೋಧಕದ ಪಂಪಿಗೆ ವಿದ್ಯುತ್ ಸೋರಿದರೆ ತಾನೇ ಕಡಿದುಕೊಳ್ಳುವ ಸ್ವಿಚ್ಚು ಇರಲೇಬೇಕು. ಏಪ್ರಿಲ್ಲಿನ ಗುಡುಗು ಕೇಳಿಸಿದರೆ ಎಲ್ಲರೂ ಹೊರಗೆ. ನೇರ ಗೋಡೆಯ ತೊಟ್ಟಿಗೆ ಬಿದ್ದ ಕಪ್ಪೆ ಹತ್ತಿ ಬರಲಾರದು. ರಾತ್ರಿ ಒಂದು ದಬ್ಬೆಯನ್ನು ಓರೆಯಾಗಿ ಆನಿಸಿಟ್ಟರೆ ಅದರ ಪಾಡು ಅದು ನೋಡಿಕೊಳ್ಳುತ್ತದೆ.

ಜೂನಿನ ಮೊದಲ ಮಳೆಗೆ ಮುನ್ನ ತೊಟ್ಟಿ ಬಿಚ್ಚಿ, ಒರೆಸಿ, ಪೂರ್ತಿ ಒಣಗಿಸಿ, ಇಲಿಗೆ ಸಿಗದಂತೆ ಅಟ್ಟದಲ್ಲಿ ತೂಗುಹಾಕಬೇಕು. ಮಳೆಗಾಲದಲ್ಲಿ ಅದನ್ನು ನಿಲ್ಲಿಸಿಯೇ ಇಟ್ಟರೆ ತುಂಬಿ ಚೆಲ್ಲಿದ ನೀರು ಒಂದು ಬದಿಯ ನೆಲವನ್ನು ಕೊರೆದು ಇಡೀ ತೊಟ್ಟಿ ಮಗುಚುತ್ತದೆ. ಹಾಳೆ ಹರಿದು ಹಾಳಾದ ಮೇಲೆ ಕಟ್ಟಿಗೆಯ ರಾಶಿಗೆ ಹೊದಿಸಿ, ಗೊಬ್ಬರಗುಂಡಿಗೆ ಮುಚ್ಚಿ. ಬಚ್ಚಲೊಲೆಗೆ ಮಾತ್ರ ಹಾಕಬೇಡಿ. ಸುಟ್ಟ ಪಿವಿಸಿಯ ಹೊಗೆ ಮನೆಯವರ ಮೂಗಿಗೇ ಮೊದಲು ಬರುವುದು.

ಒಂದೇ ಅಬ್ಬಿಯನ್ನು ಹಂಚಿಕೊಂಡ ಮನೆಗಳವರು ಈ ಬಾರಿ ಗಣಪತಿ ಹಬ್ಬಕ್ಕೆ ಊರಿನಲ್ಲಿ ಸೇರಿದಾಗ ಒಂದು ತಾಸು ಕೂತು, ಯಾವ ದಿನಾಂಕದ ನಂತರ ಯಾರೂ ಅಬ್ಬಿಯಿಂದ ಕೊಳ ತುಂಬಿಸುವಂತಿಲ್ಲವೆಂದು ಒಂದು ಹಾಳೆಯಲ್ಲಿ ಬರೆದು ಎಲ್ಲರೂ ರುಜು ಹಾಕಬೇಕೆಂದು ಬಳಗದ ಪರವಾಗಿ ಕೇಳಿಕೊಳ್ಳುತ್ತೇವೆ. ನವೆಂಬರ್ 15 ಎಂಬುದು ನಮ್ಮ ಸೂಚನೆ. ಅಬ್ಬಿ ಬೇಗ ಸೊರಗುವ ಕಡೆಗಳಲ್ಲಿ ಅದಕ್ಕಿಂತ ಹಿಂದಿನ ದಿನವನ್ನು ಗೊತ್ತುಮಾಡಿಕೊಳ್ಳಬಹುದು. ಆ ದಿನವನ್ನು ಹೇಳಬೇಕಾದವರು ಪೈಪಿನ ಕೆಳತುದಿಯ ಮನೆಯವರು.