ಸರದಿಯ ಆಟ: ಒಂದು ಗುಣದೋಷ ವಿವೇಚನೆ

ಆಟವೆಂದರೆ ಕಾಲಹರಣವೆಂದು ಹಿರಿಯರೂ, ಆಟವಿಲ್ಲದ ಬಾಳು ಬಾಳಲ್ಲವೆಂದು ಕಿರಿಯರೂ ವಾದಿಸುವುದು ಇಂದು ನಿನ್ನೆಯ ಮಾತಲ್ಲ. ಇಬ್ಬರ ಮಾತಿನಲ್ಲಿಯೂ ಸತ್ಯದ ಅಂಶವಿದೆ. ಆದರೆ ಎಲ್ಲ ಆಟಗಳನ್ನೂ ಒಂದೇ ತಕ್ಕಡಿಯಲ್ಲಿಟ್ಟು ಹೊಗಳುವುದಾಗಲಿ ತೆಗಳುವುದಾಗಲಿ ವಿವೇಕವಲ್ಲ. ಕಾವ್ಯವನ್ನು ಓದಿ ಅದರ ಗುಣದೋಷಗಳನ್ನು ತೂಗಿ ನೋಡುವಂತೆ ಆಟವನ್ನೂ ತೂಗಿ ನೋಡಬೇಕು. ಪರದೆಯ ಮೇಲೆ ಆಡುವ ಆಟಗಳು ನಮ್ಮ ಹೈದರಾಬಾದು ನಗರದ ಮನೆಗಳನ್ನು ಹೊಕ್ಕಿರುವ ಈ ಕಾಲದಲ್ಲಿ ವಿದ್ಯಾರ್ಥಿಗಳಾದ ನಮಗೆ ಇಂತಹ ವಿವೇಚನೆ ಅತ್ಯಗತ್ಯ. ಆದುದರಿಂದ ಜಪಾನಿನ ಪ್ರಸಿದ್ಧ ಆಟವಾದ ‘ಡ್ರ್ಯಾಗನ್ ಕ್ವೆಸ್ಟ್’ ಅನ್ನು ಇಲ್ಲಿ ಪರೀಕ್ಷಿಸೋಣ.

ಈ ಮಾಲೆಯ ಮೊದಲನೆಯ ಆಟವನ್ನು ಎನಿಕ್ಸ್ ಎಂಬ ಸಂಸ್ಥೆಯು 1986ರ ಮೇ 27ರಂದು ಜಪಾನಿನಲ್ಲಿ ಹೊರತಂದಿತು. ಆಟದ ಕಟ್ಟನ್ನೂ ಕಥೆಯನ್ನೂ ಯೂಜಿ ಹೋರಿಯಿ ಅವರೂ, ಚಿತ್ರಗಳನ್ನು ಅಕಿರಾ ತೋರಿಯಾಮಾ ಅವರೂ, ಸಂಗೀತವನ್ನು ಕೋಯಿಚಿ ಸುಗಿಯಾಮಾ ಅವರೂ ರಚಿಸಿದರು. 2017ರ ಹನ್ನೊಂದನೆಯ ಆಟದಲ್ಲಿಯೂ ಈ ಮೂವರೇ ಜೊತೆಗೂಡಿ ದುಡಿದರೆಂಬುದು ಗಮನಾರ್ಹ. ಸುಗಿಯಾಮಾ 2021ರಲ್ಲಿ, ತೋರಿಯಾಮಾ 2024ರಲ್ಲಿ ಕಾಲವಾದರು. ಅವರ ಕೈಗುರುತು ಆಟದಲ್ಲಿ ಉಳಿದಿದೆ.

ಇದು ಪಾತ್ರಧಾರಣೆಯ ಆಟ. ಆಡುವವನು ಕಥಾನಾಯಕನ ಪಾತ್ರವನ್ನು ವಹಿಸಿ, ಊರೂರು ಅಲೆದು, ಗೆಳೆಯರನ್ನು ಕೂಡಿಸಿಕೊಂಡು, ರಾಕ್ಷಸರೊಡನೆ ಹೋರಾಡುತ್ತಾನೆ. ಈ ಹೋರಾಟವು ಸರದಿಯ ಮೇಲೆ ನಡೆಯುತ್ತದೆ. ನಮ್ಮ ಚೌಕಾಬಾರವನ್ನು ಬಲ್ಲವರಿಗೆ ಇದನ್ನು ವಿವರಿಸಬೇಕಾದುದಿಲ್ಲ. ಅಲ್ಲಿ ಒಬ್ಬನು ಕವಡೆ ಹಾಕಿ ಕಾಯಿ ನಡೆಸುವವರೆಗೆ ಉಳಿದವರು ಕಾಯುತ್ತಾರೆ. ಇಲ್ಲಿಯೂ ಹಾಗೆಯೇ. ಖಡ್ಗದಿಂದ ಹೊಡೆಯಬೇಕೆ, ಮಂತ್ರ ಪ್ರಯೋಗಿಸಬೇಕೆ, ಗಾಯಗೊಂಡ ಗೆಳೆಯನಿಗೆ ಔಷಧ ಕೊಡಬೇಕೆ, ಅಥವಾ ಆತ್ಮರಕ್ಷಣೆ ಮಾಡಿಕೊಂಡು ನಿಲ್ಲಬೇಕೆ ಎಂದು ನಾವು ಆರಿಸುವವರೆಗೆ ರಾಕ್ಷಸನೂ ತಾಳ್ಮೆಯಿಂದ ನಿಂತಿರುತ್ತಾನೆ.

ಇದೇ ಈ ಆಟದ ಪ್ರಥಮ ಗುಣ. ಕೈಚಳಕವಿಲ್ಲದವನೂ ಇದನ್ನು ಆಡಬಲ್ಲನು. ಬೆರಳು ನಿಧಾನವಾದರೂ ಬುದ್ಧಿ ಚುರುಕಾಗಿದ್ದರೆ ಗೆಲುವು ದೊರೆಯುತ್ತದೆ. ಆಲೋಚಿಸದೆ ಬಾಣ ಬಿಟ್ಟವನು ಮುಂದಿನ ಸರದಿಯಲ್ಲಿ ಅದರ ಫಲವನ್ನು ಉಣ್ಣುತ್ತಾನೆ. ಮಾತಿಗೆ ಮುನ್ನ ಯೋಚನೆ, ಕಾರ್ಯಕ್ಕೆ ಮುನ್ನ ನಿರ್ಧಾರ ಎಂಬ ಪಾಠವನ್ನು ಇದಕ್ಕಿಂತ ಸುಲಭವಾಗಿ ಕಲಿಸುವ ವಿನೋದಗಳು ವಿರಳ.

ನಿಜವಾದ ಯುದ್ಧದಲ್ಲಿ ಶತ್ರು ಕಾಯುತ್ತಾನೆಯೆ, ಇದು ಅಸಹಜವಲ್ಲವೆ ಎಂದು ಕೆಲವರು ಆಕ್ಷೇಪಿಸುತ್ತಾರೆ. 1987ರಲ್ಲಿ ಸರದಿಯ ಆಟವಾಗಿಯೇ ಆರಂಭವಾದ ‘ಫೈನಲ್ ಫ್ಯಾಂಟಸಿ’ ಮಾಲೆಯು 2023ರ ತನ್ನ ಹದಿನಾರನೆಯ ಆಟದ ಹೊತ್ತಿಗೆ ಸರದಿಯನ್ನು ತೊರೆದು ಕೈವೇಗದ ಕಾದಾಟವನ್ನೇ ಹಿಡಿಯಿತು. ಆದರೆ ಕಲೆಗೆ ತನ್ನದೇ ಆದ ನಿಯಮವುಂಟು. ಉತ್ತರ ಕರ್ನಾಟಕದ ದೊಡ್ಡಾಟದಲ್ಲಿ ವೀರನು ತನ್ನ ಪರಾಕ್ರಮವನ್ನು ಹೇಳಿ ಮುಗಿಸುವವರೆಗೆ ಎದುರಾಳಿಯು ನಿಂತು ಕೇಳುತ್ತಾನೆ. ಅದನ್ನು ಯಾವ ಪ್ರೇಕ್ಷಕನೂ ಅಸಹಜವೆಂದು ಎದ್ದು ಹೋಗುವುದಿಲ್ಲ. ಆದುದರಿಂದ ಈ ಆಕ್ಷೇಪದಲ್ಲಿ ಹುರುಳಿಲ್ಲ.

ಎರಡನೆಯ ಗುಣವು ಕಥೆಯದು. ಹನ್ನೊಂದನೆಯ ಆಟದ ನಾಯಕನು ಹಳ್ಳಿಯಲ್ಲಿ ಬೆಳೆದ ಹದಿನಾರು ವಯಸ್ಸಿನ ಹುಡುಗ. ಲೋಕವನ್ನು ಕಾಯಲು ಹುಟ್ಟಿದವನೆಂದು ತಿಳಿದು ಅವನು ರಾಜನ ಬಳಿಗೆ ಹೋದರೆ, ರಾಜನು ಅವನನ್ನೇ ದುಷ್ಟನೆಂದು ಸೆರೆಮನೆಗೆ ತಳ್ಳುತ್ತಾನೆ. ಅಲ್ಲಿ ಅವನಿಗೆ ಆಪ್ತನಾಗುವವನು ಒಬ್ಬ ಕಳ್ಳ! ಪದವಿಯಿಂದ ಮನುಷ್ಯನ ಗುಣವನ್ನು ಅಳೆಯಬಾರದೆಂಬುದನ್ನು ಉಪದೇಶವಿಲ್ಲದೆ ತಿಳಿಸುವ ಬಗೆ ಇದು. ಮತ್ತೊಂದು ಸೊಗಸು ಮೊದಲ ಆಟದಲ್ಲಿಯೇ ಇದೆ. ಸೋತು ಬಿದ್ದ ವೀರನು ತನ್ನ ಅರ್ಧ ಹಣವನ್ನು ಕಳೆದುಕೊಂಡು ಮತ್ತೆ ಏಳುತ್ತಾನೆ. ಗಳಿಸಿದ ಅನುಭವ ಮಾತ್ರ ಎಳ್ಳಷ್ಟೂ ಕಡಿಮೆಯಾಗುವುದಿಲ್ಲ. ಪರೀಕ್ಷೆಯಲ್ಲಿ ಒಮ್ಮೆ ಹಿಂದೆ ಬಿದ್ದವರು ಇದನ್ನು ನೆನೆದು ಧೈರ್ಯ ತಾಳಬಹುದು.

ಇನ್ನು ದೋಷಗಳು. ವೀರನು ಬಲಿಷ್ಠನಾಗಬೇಕಾದರೆ ಅನುಭವದ ಅಂಕಗಳು ಬೇಕು. ಅಂಕಗಳಿಗಾಗಿ ಅದೇ ಬಯಲಿನಲ್ಲಿ ಅದೇ ರಾಕ್ಷಸರನ್ನು ಮತ್ತೆ ಮತ್ತೆ ಹೊಡೆಯಬೇಕು. ‘ಮೆಟಲ್ ಸ್ಲೈಮ್’ ಎಂಬ ಪುಟ್ಟ ಪ್ರಾಣಿಯನ್ನು ಕೊಂದರೆ ಬಹಳ ಅಂಕಗಳು ದೊರೆಯುತ್ತವೆ. ಆದರೆ ಅದು ಪೆಟ್ಟಿಗೆ ಜಗ್ಗದೆ, ಸರದಿ ಬಂದೊಡನೆ ಓಡಿಹೋಗುತ್ತದೆ. ಅದರ ಬೆನ್ನು ಹತ್ತಿದವನಿಗೆ ಗಂಟೆಗಳು ಕಳೆದುದೇ ತಿಳಿಯದು. ಗೆಳೆಯರು ತಾವಾಗಿಯೇ ಕಾದಾಡುವಂತೆ ಆಜ್ಞೆ ಕೊಟ್ಟು ಕುಳಿತರಂತೂ ನಾವು ಒಂದು ಗುಂಡಿಯನ್ನು ಒತ್ತುತ್ತಿದ್ದರೆ ಸಾಕು. ಆಲೋಚನೆಗೆಂದು ಇಟ್ಟ ಸರದಿಯಲ್ಲಿ ಆಲೋಚನೆಯೇ ಇಲ್ಲದಂತಾಗುವುದು ವಿಪರ್ಯಾಸವಲ್ಲವೆ?

ಎರಡನೆಯ ದೋಷವು ಕಾಲದ ವ್ಯಯ. ಹನ್ನೊಂದನೆಯ ಆಟದ ಕಥೆಯನ್ನು ಮುಗಿಸಲು 50 ಗಂಟೆಗಳಾದರೂ ಬೇಕು. ವಾರಕ್ಕೊಂದು ಗಂಟೆಯಂತೆ ಆಡಿದರೆ ಒಂದು ವರ್ಷ! ಅಷ್ಟು ತಾಳ್ಮೆ ಯಾರಿಗಿದೆ? 1988ರ ಫೆಬ್ರವರಿ 10, ಬುಧವಾರ, ಮೂರನೆಯ ಆಟವು ಹೊರಬಂದಾಗ ಜಪಾನಿನ ಅನೇಕ ವಿದ್ಯಾರ್ಥಿಗಳು ಶಾಲೆ ತಪ್ಪಿಸಿ ಅಂಗಡಿಗಳ ಮುಂದೆ ಸಾಲುಗಟ್ಟಿ ನಿಂತು ಪೊಲೀಸರ ಕೈಗೆ ಸಿಕ್ಕಿದರು. 1990ರಲ್ಲಿ ನಾಲ್ಕನೆಯ ಆಟವು ರವಿವಾರದಂದು ಹೊರಬಂದಿತು.

ಮೂರನೆಯದು ನಾಯಕನ ಮೌನ. ಆಡುವವನು ತಾನೇ ನಾಯಕನೆಂದು ಭಾವಿಸಲೆಂದು ಅವನಿಗೆ ಮಾತು ಕೊಟ್ಟಿಲ್ಲ. ಆದರೆ ತನ್ನ ಹಳ್ಳಿ ಸುಟ್ಟುಹೋದುದನ್ನು ಕಂಡಾಗಲೂ ಅವನ ಬಾಯಿಂದ ಒಂದು ನುಡಿ ಹೊರಡದಿದ್ದರೆ ಕಥೆಯ ರಸ ಸೊರಗುತ್ತದೆ.

ನಾಲ್ಕನೆಯದು ಆಟದ ದೋಷವಲ್ಲ, ನಮ್ಮ ಕೊರತೆ. ಈ ಕಥೆ ಕನ್ನಡದಲ್ಲಿಲ್ಲ. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತೆಲುಗು ಮತ್ತು ಉರ್ದು ಕೇಳುವ ನಮ್ಮಂಥವರು ಇದನ್ನು ಇಂಗ್ಲಿಷಿನಲ್ಲಿ ಓದಿಕೊಳ್ಳಬೇಕು. ಒಂದು ಭಾಷೆ ಹೆಚ್ಚಾಗಿ ಬಂದರೆ ಲಾಭವೇ. ಆದರೆ ಆಡಿದ ಕಥೆಯನ್ನು ಮನೆಯ ಅಜ್ಜಿಗೆ ತಿಳಿಗನ್ನಡದಲ್ಲಿ ಹೇಳಬಲ್ಲೆವೆ ಎಂದು ನಮ್ಮನ್ನು ನಾವೇ ಕೇಳಿಕೊಳ್ಳಬೇಕು. ಹೇಳಲು ಬಂದರೆ ಕಥೆ ನಮ್ಮದಾಯಿತು. ಬಾರದಿದ್ದರೆ ಬೆರಳಿಗೆ ದಣಿವಾದುದಷ್ಟೇ ಫಲ.

ಗುಣದೋಷಗಳನ್ನು ಕೂಡಿಸಿ ನೋಡಿದರೆ ನನ್ನ ಅಭಿಪ್ರಾಯವಿಷ್ಟು. ಸರದಿಯ ಆಟದ ಬೆಲೆ ಅದು ಕೊಡುವ ಬಿಡುವಿನಲ್ಲಿದೆ. ಆ ಬಿಡುವಿನಲ್ಲಿ ನಾವು ಯೋಚಿಸಿ ಆರಿಸುತ್ತಿರುವವರೆಗೆ ಅದು ಬುದ್ಧಿಗೆ ಸಾಣೆ. ನೋಡದೆಯೇ ಗುಂಡಿಯೊತ್ತಲು ತೊಡಗಿದ ಕ್ಷಣದಿಂದ ಅದು ಕೂಲಿಯಿಲ್ಲದ ದುಡಿಮೆ. ಈ ಗಡಿಯನ್ನು ಗುರುತಿಸುವುದು ತಂದೆತಾಯಿಗಳಿಗಾಗಲಿ ಗುರುಗಳಿಗಾಗಲಿ ಸಾಧ್ಯವಿಲ್ಲ, ಆಡುವವನಿಗೆ ಮಾತ್ರ ಸಾಧ್ಯ. ಸಹಪಾಠಿಗಳೇ, ಆ ಗಡಿ ಬಂದಾಗ ಯಾರೂ ಗದರಿಸುವ ಮೊದಲೇ ಯಂತ್ರವನ್ನು ನಿಲ್ಲಿಸಿ ಏಳುವ ಶಕ್ತಿ ನಮ್ಮಲ್ಲಿರಲಿ. ಅದಿದ್ದವನು ನಿರ್ಭಯವಾಗಿ ಆಡಬಹುದು.