ಹಾಡಿಲ್ಲದ ಬೀಳ್ಕೊಡುಗೆ

ಮದುವೆಯ ಮನೆಯಲ್ಲಿ ಹೆಣ್ಣನ್ನು ಒಪ್ಪಿಸುವ ಹೊತ್ತು ಬಂದಿತೆಂದರೆ, ಎಂತಹ ಗಟ್ಟಿ ಎದೆಯ ಗಂಡಸೂ ಚಪ್ಪರದ ಕಂಬವನ್ನು ಪರೀಕ್ಷಿಸುವ ನೆಪದಲ್ಲಿ ಮುಖವನ್ನು ಅತ್ತ ತಿರುಗಿಸಿಕೊಳ್ಳುವುದುಂಟು. ಮುತ್ತೈದೆಯರು ಎಳೆದೆಳೆದು ಹಾಡುವ ಆ ನುಡಿಗಳಲ್ಲಿ ಕಾವ್ಯಾಲಂಕಾರಗಳೇನೂ ಇಲ್ಲ. ಸಾಕಿದ ಕೂಸನ್ನು ಪರರ ಮನೆಗೆ ಕಳುಹಿಸುತ್ತಿದ್ದೇವೆ, ತಪ್ಪಿದರೆ ತಿದ್ದಿಕೊಳ್ಳಿ, ಹಸಿದರೆ ಊಟಕ್ಕೆ ಕರೆಯಿರಿ ಎಂಬ ಬೇಡಿಕೆ ಮಾತ್ರ ಇದೆ. ಹಲಸಂಗಿಯ ಗೆಳೆಯರು 1931ರಲ್ಲಿ ‘ಗರತಿಯ ಹಾಡು’ ಸಂಗ್ರಹವನ್ನು ಬೆಳಕಿಗೆ ತಂದಾಗ, ತವರನ್ನು ಕುರಿತ ತ್ರಿಪದಿಗಳ ಸಂಪತ್ತನ್ನು ಕಂಡು ಓದುಬಲ್ಲವರು ಬೆರಗಾದರು. ಹೆಣ್ಣುಮಗಳ ಅಗಲಿಕೆಗೆ ಕನ್ನಡದಲ್ಲಿ ಹಾಡಿನ ಬರವೆಂಬುದು ಎಂದೂ ಇಲ್ಲ.

ಆದರೆ ಆಕೆ ಮನೆಯನ್ನು ಬಿಟ್ಟು ಹೊರಡುವುದು ಈಗ ಮದುವೆಯ ದಿನ ಮಾತ್ರವೇ? ಕಲಬುರಗಿ ಜಿಲ್ಲೆಯ ಚಿಂಚೋಳಿ ತಾಲ್ಲೂಕಿನಲ್ಲಿ ಐನಾಪುರವೆಂಬ ಊರಿದೆ. (ಬೆಳಗಾವಿ ಸೀಮೆಯ ಐನಾಪುರ ಬೇರೆ, ಹೆಸರು ಒಂದೇ.) ಚಿಂಚೋಳಿಯ ಕುರುಚಲು ಕಾಡಿನಲ್ಲಿ ಮುತ್ತುಗದ ಮರಗಳು ಎಲೆ ಉದುರಿಸಿ, ಮೈತುಂಬ ಕೆಂಡದಂತಹ ಹೂ ಹೊತ್ತು ನಿಲ್ಲುವ ದಿನಗಳಲ್ಲಿಯೇ ಊರೂರಿನ ಪ್ರೌಢಶಾಲೆಗಳಲ್ಲಿ ಹತ್ತನೆಯ ತರಗತಿಯ ಮಕ್ಕಳಿಗೆ ಬೀಳ್ಕೊಡುಗೆಯ ಸಮಾರಂಭ ನಡೆಯುತ್ತದೆ. ಹಾರ, ಭಾಷಣ, ಉಪ್ಪಿಟ್ಟು, ಸಾಮೂಹಿಕ ಛಾಯಾಚಿತ್ರ ಎಲ್ಲವೂ ಉಂಟು. ಆನಂತರ ಪರೀಕ್ಷೆ, ಬೇಸಗೆ ಕಳೆದು ಮಳೆ ಬರುವ ಹೊತ್ತಿಗೆ ಕೆಲವರು ಮುಂದಿನ ಓದಿಗಾಗಿ ಚಿಂಚೋಳಿಗೋ ಕಲಬುರಗಿಗೋ ಹೋಗುವ ಬಸ್ಸನ್ನು ಹತ್ತುತ್ತಾರೆ. ಸಮಾರಂಭದಲ್ಲಿ ಹಾಡೂ ಇರುತ್ತದೆ, ಇಲ್ಲವೆಂದಲ್ಲ. ಬಹುಮಟ್ಟಿಗೆ ಅದು ಯಾವುದೋ ಚಲನಚಿತ್ರದಲ್ಲಿ ಯಾರೋ ನಾಯಕ ಯಾರೋ ನಾಯಕಿಯನ್ನು ಅಗಲಿದಾಗ ಹಾಡಿದ ಹಾಡು. ಹದಿನಾರರ ಹುಡುಗಿ ಗೆಳತಿಯರನ್ನೂ ಗುರುಗಳನ್ನೂ ಊರನ್ನೂ ಬಿಟ್ಟು ಹೊರಡುವುದಕ್ಕೆಂದೇ ಹುಟ್ಟಿ, ಎಲ್ಲರ ಬಾಯಲ್ಲಿ ನೆಲೆಸಿದ ಹಾಡು ಕನ್ನಡದಲ್ಲಿ ಇಲ್ಲ.

ಈ ಕೊರತೆ ಎದ್ದು ಕಾಣಬೇಕಾದರೆ ಜಪಾನಿನ ಕಡೆಗೊಮ್ಮೆ ನೋಡಬೇಕು. ಅಲ್ಲಿ ಸರ್ಕಾರದ ಹಣಕಾಸಿನ ವರ್ಷ 1886ರಿಂದ ಏಪ್ರಿಲ್ ತಿಂಗಳಲ್ಲಿ ಆರಂಭವಾಗತೊಡಗಿತು. ಶಾಲೆಗಳೂ ಕ್ರಮೇಣ ಅದನ್ನೇ ಅನುಸರಿಸಿದವು. ಹೀಗಾಗಿ ಮಾರ್ಚಿಯಲ್ಲಿ ಹಳೆಯ ಶಾಲೆಗೆ ವಿದಾಯ, ಏಪ್ರಿಲಿನಲ್ಲಿ ಹೊಸ ಶಾಲೆಗೆ ಪ್ರವೇಶ. ಇವೆರಡರ ನಡುವಿನ ಕೆಲವೇ ದಿನಗಳಲ್ಲಿ ಸಕುರಾ ಹೂ ಅರಳಿ ಉದುರುವುದು. ಲೆಕ್ಕಪತ್ರದ ಅನುಕೂಲಕ್ಕಾಗಿ ಮಾಡಿದ ಏರ್ಪಾಡು ಕವಿಗಳಿಗೆ ಇಷ್ಟೊಂದು ಒದಗಿ ಬಂದ ನಿದರ್ಶನ ಬೇರೆಲ್ಲಿಯೂ ಸಿಗಲಾರದು!

ಅಲ್ಲಿಯ ಶಾಲಾಗೀತೆಗಳ ಮೂಲಪುರುಷ ಇಸಾವಾ ಶೂಜಿ. ಅಮೆರಿಕದಲ್ಲಿ ಓದುತ್ತಿದ್ದಾಗ ಲೂಥರ್ ವೈಟಿಂಗ್ ಮೇಸನ್ ಎಂಬ ಸಂಗೀತ ಶಿಕ್ಷಕನಿಂದ ಪಾಠ ಹೇಳಿಸಿಕೊಂಡ ಆತ, 1880ರಲ್ಲಿ ಆ ಗುರುವನ್ನೇ ಜಪಾನಿಗೆ ಕರೆಸಿಕೊಂಡನು. ಅವರ ಯತ್ನದಿಂದ ಸಿದ್ಧವಾದ ಮೊದಲ ಪಠ್ಯದಲ್ಲಿಯೇ ‘ಹೊತಾರು ನೊ ಹಿಕಾರಿ’, ಎಂದರೆ ‘ಮಿಣುಕುಹುಳುವಿನ ಬೆಳಕು’, ಎಂಬ ಗೀತೆಯಿದೆ. ಎಣ್ಣೆಗೆ ಗತಿಯಿಲ್ಲದ ವಿದ್ಯಾರ್ಥಿಯೊಬ್ಬ ಮಿಣುಕುಹುಳುಗಳನ್ನು ಚೀಲದಲ್ಲಿ ಹಿಡಿದಿಟ್ಟು ಓದಿದನೆಂಬುದು ಚೀನದ ಹಳೆಯ ಕಥೆ. ಆ ಕಥೆಯ ನೆನಪಿಗೆ ಸ್ಕಾಟ್ಲೆಂಡಿನ ಪ್ರಸಿದ್ಧ ವಿದಾಯಗೀತೆಯ ಧಾಟಿಯನ್ನು ಹೊಂದಿಸಲಾಯಿತು. ಗುರುವಂದನೆಯ ಇನ್ನೊಂದು ಗೀತೆ, ‘ಅಓಗೆಬಾ ತೋತೋಶಿ’, 1884ರದು. ಅದರ ಧಾಟಿ ಎಲ್ಲಿಯದೆಂಬುದು ನೂರು ವರ್ಷಕ್ಕೂ ಮಿಕ್ಕಿ ಒಗಟಾಗಿದ್ದು, 1871ರ ಅಮೆರಿಕದ ಶಾಲಾಗೀತೆಯೊಂದರಿಂದ ಅದು ಬಂದಿತೆಂದು ವಿದ್ವಾಂಸರಿಗೆ ತಿಳಿದದ್ದು 2011ರಲ್ಲಿ. ಹಾಡಿ ಕಣ್ಣೀರಿಟ್ಟ ತಲೆಮಾರುಗಳಿಗೆ ಅದು ಅಚ್ಚ ಜಪಾನಿ ಹಾಡೇ ಆಗಿದ್ದಿತು. ಧಾಟಿಗೆ ಊರು ಕೇಳಬಾರದು.

ಇವೆಲ್ಲ ಮೇಲಿನಿಂದ ಇಳಿದು ಬಂದ ಹಾಡುಗಳು. ಮಕ್ಕಳ ಮಧ್ಯದಿಂದಲೇ ಎದ್ದುಬಂದ ಹಾಡಿನ ಕಥೆ ಬೇರೆ. ಸೈತಾಮಾ ಪ್ರಾಂತದ ಚಿಚಿಬು ಎಂಬ ಊರು ಬೆಟ್ಟಗಳ ನಡುವಿನ ಬಟ್ಟಲಿನಂತಿದೆ. ಅಲ್ಲಿಯ ಬುಕೋ ಬೆಟ್ಟದಲ್ಲಿ ಸುಣ್ಣಕಲ್ಲು ಹೇರಳ. ಸಿಮೆಂಟಿಗಾಗಿ ಅಗೆದೂ ಅಗೆದೂ ಬೆಟ್ಟದ ಶಿಖರವೇ ತಗ್ಗಿದೆ. ಸೇಡಂ, ವಾಡಿ, ಶಹಾಬಾದುಗಳ ಕಲ್ಲುಗಣಿಗಳನ್ನೂ ಸಿಮೆಂಟಿನ ಧೂಳನ್ನೂ ಬಲ್ಲವರಿಗೆ ಈ ಊರಿನ ಚಹರೆ ಅಪರಿಚಿತವೆನಿಸದು. ಆ ಊರಿನ ಕಗೆಮೋರಿ ಮಾಧ್ಯಮಿಕ ಶಾಲೆಗೆ ಕೊಜಿಮಾ ನೊಬೊರು ಮುಖ್ಯೋಪಾಧ್ಯಾಯರಾಗಿ ಬಂದಾಗ ಅಲ್ಲಿ ಶಿಸ್ತು ಸಡಿಲವಾಗಿದ್ದಿತು. ಅವರು ಬೆತ್ತವನ್ನು ನಂಬಲಿಲ್ಲ, ಹಾಡನ್ನು ನಂಬಿದರು. ಹಾಡು ಮೊಳಗುವ ಶಾಲೆಯಾಗಬೇಕೆಂಬ ಅವರ ಹಂಬಲಕ್ಕೆ ಸಂಗೀತದ ಉಪಾಧ್ಯಾಯಿನಿ ಸಕಾಮೊಟೊ ಹಿರೋಮಿ ಜೊತೆಯಾದರು. ಮೊದಮೊದಲು ಬಾಯಿ ತೆರೆಯಲೊಪ್ಪದ ಹುಡುಗರು ವರ್ಷಗಳ ಸಹನೆಯ ಫಲವಾಗಿ ಹಾಡತೊಡಗಿದರು.

1991ರ ವಸಂತ ಸಮೀಪಿಸಿತು. ಹೊರಡಲಿರುವ ಮಕ್ಕಳಿಗೆ ಉಪಾಧ್ಯಾಯರು ಏನಾದರೂ ಕೊಡಬೇಕು; ಕೊಳ್ಳುವ ವಸ್ತುವಾಗದೆ ಒಂದು ಹಾಡಾದರೆ ಹೇಗೆ ಎಂದು ಉಪಾಧ್ಯಾಯಿನಿಗೆ ಹೊಳೆಯಿತು. ಪದ್ಯ ಬರೆದುಕೊಡಿರೆಂದು ಮುಖ್ಯೋಪಾಧ್ಯಾಯರನ್ನು ಕೇಳಿದರೆ, ಅದು ತಮ್ಮಿಂದಾಗದೆಂದು ಅವರು ನುಣುಚಿಕೊಂಡರು. ಮರುದಿನ ಬೆಳಗ್ಗೆ ನೋಡುವಾಗ ಆಕೆಯ ಮೇಜಿನ ಮೇಲೆ ಪದ್ಯ ಬಿದ್ದಿದ್ದಿತು! ಆಕೆ ಸಂಗೀತದ ಕೊಠಡಿಗೆ ಹೋಗಿ ಪಿಯಾನೋದ ಮುಂದೆ ಕುಳಿತು ಕಾಲುಗಂಟೆಯೊಳಗೆ ಸ್ವರ ಕೂಡಿಸಿದರಂತೆ. ಬೀಳ್ಕೊಡುಗೆಯ ಸಭೆಯಲ್ಲಿ ಉಪಾಧ್ಯಾಯರೆಲ್ಲರೂ ಎದ್ದು ನಿಂತು ಮಕ್ಕಳೆದುರು ಅದನ್ನು ಹಾಡಿದರು. ಒಮ್ಮೆ ಹಾಡಿ ಮುಗಿಸುವುದೆಂದೇ ಅವರ ಎಣಿಕೆ. ಕೊಜಿಮಾ ಅವರಿಗೂ ಅದು ವೃತ್ತಿಯ ಕೊನೆಯ ವರ್ಷ. ಮಕ್ಕಳ ಜೊತೆಗೇ ಅವರೂ ಶಾಲೆಯನ್ನು ಬಿಟ್ಟರು. ಆದರೆ ಮರುವರ್ಷ ಅದನ್ನು ಮಕ್ಕಳು ಹಾಡಿದರು. ಅಲ್ಲಿಂದ ಸುತ್ತಲಿನ ಶಾಲೆಗಳಿಗೆ ಹಬ್ಬಿ, ಸಂಗೀತ ಶಿಕ್ಷಣದ ಪತ್ರಿಕೆಯೊಂದರಲ್ಲಿ ಅಚ್ಚಾಗಿ, ಕೆಲವೇ ವರ್ಷಗಳಲ್ಲಿ ‘ತಬಿದಾಚಿ ನೊ ಹಿ ನಿ’ – ‘ಪಯಣ ಹೊರಡುವ ದಿನದಂದು’ – ದೇಶದ ಉದ್ದಗಲದ ಶಾಲೆಗಳ ವಿದಾಯಗೀತೆಯಾಯಿತು. ಹಳ್ಳಿಗಾಡಿನ ಇಬ್ಬರು ಉಪಾಧ್ಯಾಯರು ತಮ್ಮ ಮಕ್ಕಳಿಗೆಂದು ಮಾಡಿದ್ದನ್ನು ನಾಡೇ ತನ್ನದೆಂದು ಎತ್ತಿಕೊಂಡಿತು. ಸ್ಪರ್ಧೆ, ಬಹುಮಾನ, ಸರ್ಕಾರದ ಆದೇಶಗಳ ಸೋಂಕಿಲ್ಲದೆ ಇದು ನಡೆದುದು ಗಮನಿಸತಕ್ಕ ವಿಷಯ.

ಕನ್ನಡದಲ್ಲಿ ಎಳೆಯರಿಗೆ ಹಾಡು ಕೊಟ್ಟವರಿಲ್ಲವೆಂದು ಹೇಳುವಂತಿಲ್ಲ. ಪಂಜೆ ಮಂಗೇಶರಾಯರೂ ಜಿ. ಪಿ. ರಾಜರತ್ನಂ ಅವರೂ ಶಿಶುಗಳನ್ನು ಕುಣಿಸಿದರು. ಆದರೆ ಹದಿನಾರರ ವಯಸ್ಸಿಗೆ ತುತ್ತೂರಿ ಸಾಲದು. ವಸಂತದ ಹಾಡೆಂದರೆ ಎಲ್ಲರ ನಾಲಗೆಗೂ ಮೊದಲು ಬರುವುದು ಬೇಂದ್ರೆಯವರ ‘ಯುಗಾದಿ’. 1963ರ ‘ಕುಲವಧು’ ಚಿತ್ರದಲ್ಲಿ ಎಸ್. ಜಾನಕಿಯವರ ಕಂಠದಿಂದ ಅದು ಮನೆಮನೆಗೂ ತಲುಪಿತು. ಮರಗಿಡಗಳು ಮತ್ತೆ ಮತ್ತೆ ಚಿಗುರುವುದನ್ನು ಕಂಡ ಮನುಷ್ಯನ ಅಳಲು ಅದರಲ್ಲಿದೆ. ಆ ಅಳಲು ಬಾಳನ್ನು ಅರ್ಧವಾದರೂ ಕಂಡವರದು. ಬಾಳಿನ ಬಾಗಿಲಲ್ಲಿ ನಿಂತವರದಲ್ಲ.

ಹಾಡೊಂದಿಲ್ಲದಿದ್ದರೆ ಮುಳುಗಿ ಹೋಗುವುದೇನು ಎಂದು ಕೇಳುವವರೂ ಇದ್ದಾರೆ. ಚೈತ್ರ ವೈಶಾಖಗಳು ಪರೀಕ್ಷೆ ಮುಗಿದು ಫಲಿತಾಂಶ ಬರುವ ಕಾಲ ಹೇಗೋ ಹಾಗೆ ಮದುವೆಯ ಕಾಲವೂ ಹೌದು. 1978ರಲ್ಲಿಯೇ ಕಾನೂನು ಹೆಣ್ಣಿನ ವಿವಾಹದ ವಯಸ್ಸನ್ನು 18ಕ್ಕೆ ಏರಿಸಿತಾದರೂ, ಹತ್ತನೆಯ ತರಗತಿ ಮುಗಿಸಿದ ಮಗಳ ಓದಿಗೂ ಮದುವೆಗೂ ನಡುವೆ ತೂಗುವ ಮನೆಗಳು ಈಗಲೂ ಉಂಟು. ಆ ತಕ್ಕಡಿಯ ಒಂದು ತಟ್ಟೆಯಲ್ಲಿ ಚಪ್ಪರವಿದೆ, ಸೋಬಾನೆಯಿದೆ, ಅಜ್ಜಿಯಿಂದ ಮೊಮ್ಮಗಳಿಗೆ ಇಳಿದು ಬಂದ ನೂರು ಹಾಡುಗಳಿವೆ. ಇನ್ನೊಂದರಲ್ಲಿ ಟ್ರಂಕು, ಬಸ್ಸಿನ ಪಾಸು ಮತ್ತು ಮೌನ. ಯಾವ ಅಗಲಿಕೆಯನ್ನು ಊರು ಹಾಡಿ ಹರಸುವುದೋ ಅದೇ ಸಹಜವಾದ ಅಗಲಿಕೆಯೆಂದು ಹುಡುಗಿಗೂ ತಾಯಿಗೂ ತೋರಿದರೆ ಆಶ್ಚರ್ಯವೇನು?

ಜಪಾನಿನಿಂದಲೇ ಇನ್ನೊಂದು ಸಂಗತಿ. ರೆಮಿಯೋರೊಮೆನ್ ಎಂಬ ಮೂವರು ತರುಣರ ವಾದ್ಯತಂಡ 2004ರಲ್ಲಿ ‘ಮಾರ್ಚ್ 9’ ಎಂಬ ಹಾಡನ್ನು ಹೊರತಂದಿತು. ಅದು ಹುಟ್ಟಿದ್ದು ಗೆಳೆಯರೊಬ್ಬರ ವಿವಾಹಕ್ಕಾಗಿ. ಶೀರ್ಷಿಕೆಯಲ್ಲಿರುವುದು ಮದುವೆಯ ತಾರೀಖು. ಆದರೆ ದಿನ ಮಾರ್ಚಿಯದಾಗಿದ್ದುದರಿಂದಲೋ, 2005ರಲ್ಲಿ ದೂರದರ್ಶನದ ಕಥೆಯೊಂದರಲ್ಲಿ ವಿದ್ಯಾರ್ಥಿಗಳು ಅದನ್ನು ಮೇಳವಾಗಿ ಹಾಡಿದ್ದರಿಂದಲೋ, ಶಾಲೆಯ ಮಕ್ಕಳು ಅದನ್ನು ಮದುವೆಯ ಮನೆಯಿಂದ ಎತ್ತಿಕೊಂಡು ಬಂದು ತಮ್ಮ ವಿದಾಯದ ಹಾಡು ಮಾಡಿಕೊಂಡರು. ಯಾರೂ ತಕರಾರು ಮಾಡಲಿಲ್ಲ.

ಒಪ್ಪಿಸುವ ಹಾಡಿನ ಧಾಟಿ ಐನಾಪುರದ ಕಡೆಯ ಮುದುಕಿಯರಿಗೂ ಕಂಠಪಾಠವಾಗಿಯೇ ಇರುತ್ತದೆ. ಅತ್ತೆ ಮಾವಂದಿರು ಕುಳಿತಿರುವ ಎಡೆಯಲ್ಲಿ ಹಾಸ್ಟೆಲಿನ ಮೇಲ್ವಿಚಾರಕಿಯನ್ನು ಕೂರಿಸಹೋದರೆ ಛಂದಸ್ಸು ತುಸು ಕುಂಟೀತು. ಅಷ್ಟನ್ನು ಅವರು ರಾಗ ಎಳೆಯುವುದರಲ್ಲಿಯೇ ಸರಿದೂಗಿಸಿಕೊಳ್ಳಬಲ್ಲರು.